ಅಕ್ಕನೂ ಬದುಕಿದ್ದಾಳಲ್ಲ

ನನ್ನ ತಂಗಿಯ ಕಾಯಿಲೆಯ ಮೇಲೆ ನನಗೆ ಹೊಟ್ಟೆಕಿಚ್ಚು. ಅವಳ ಬಣ್ಣ, ಅವಳ ಜಡೆ, ಅವಳಿಗೆ ಸಿಕ್ಕ ಗಂಡ, ಹೂಡಿಯಲ್ಲಿ ಅವಳಿಗಿದ್ದ ಲಿಫ್ಟಿನ ಮನೆ, ಇವುಗಳ ಮೇಲೆಲ್ಲ ಕಾಲಕಾಲಕ್ಕೆ ಕರುಬಿದ್ದೇನೆ. ಅದು ಅಕ್ಕತಂಗಿಯರಲ್ಲಿ ಇರುವುದೇ, ಅದನ್ನು ಯಾರೂ ದೊಡ್ಡದು ಮಾಡುವುದಿಲ್ಲ. ಆದರೆ ಐವತ್ತು ದಾಟಿದ ಹೆಂಗಸು ಒಡಹುಟ್ಟಿದವಳ ಮನೋವ್ಯಾಧಿ ಕಂಡು ಹೊಟ್ಟೆ ಉರಿದುಕೊಂಡಳು ಅಂದರೆ ಕೇಳಿದವರು ನಕ್ಕಾರು. ನಗಲಿ. ಇದ್ದದ್ದನ್ನು ಇದ್ದ ಹಾಗೆ ಬರೆಯುತ್ತೇನೆ.

ನಮ್ಮದು ಬಾಗಲಗುಂಟೆ. ಈಗ ಬಾಡಿಗೆ ರೂಮುಗಳ ಸಾಲು ಇರುವ ಕಡೆ ನಮ್ಮ ತಾತನ ರಾಗಿ ಹೊಲ ಇತ್ತೆಂದು ಅವ್ವ ಇವತ್ತಿಗೂ ಕೈ ತೋರಿಸಿ ಹೇಳುತ್ತಾಳೆ. ಅಪ್ಪ ಪೀಣ್ಯದಲ್ಲಿ ಟರ್ನರ್ ಆಗಿದ್ದ. ನಾನೂ ಪೀಣ್ಯದಲ್ಲೇ ಒಂದು ಕಾರ್ಖಾನೆಯಲ್ಲಿ, ತಯಾರಾದ ಬಿಡಿಭಾಗಗಳ ಅಳತೆ ನೋಡಿ ಪಾಸು ಮಾಡುವ ವಿಭಾಗದಲ್ಲಿದ್ದೇನೆ. ಅಪ್ಪ ಹೋದ, ನನ್ನ ಗಂಡನೂ ಹೋದರು. ಈಗ ಮನೆಯಲ್ಲಿ ಅವ್ವ, ನಾನು, ನನ್ನ ಮಗಳು. ಮಗಳಿಗೆ ಎಲೆಕ್ಟ್ರಾನಿಕ್ ಸಿಟಿಯಲ್ಲಿ ಕೆಲಸ. ನಗರದ ಈ ತುದಿಯಿಂದ ಆ ತುದಿಗೆ ಓಡಾಡಿ ಅವಳು ಸಣ್ಣಗಾಗಿದ್ದಾಳೆ ಎಂಬುದು ಅವ್ವನ ನಿತ್ಯದ ದೂರು.

ನಮ್ಮ ಮನೆಯಲ್ಲಿ ಒಂದು ಮಾತಿತ್ತು: ದೊಡ್ಡೋಳು ಗಟ್ಟಿ, ಚಿಕ್ಕೋಳು ಸೂಕ್ಷ್ಮ. ಗಟ್ಟಿ ಅನ್ನಿಸಿಕೊಂಡವಳಿಗೆ ಕೆಲಸ ಸಿಗುತ್ತದೆ, ಸೂಕ್ಷ್ಮ ಅನ್ನಿಸಿಕೊಂಡವಳಿಗೆ ಸಾರಿನಲ್ಲಿರುವ ಒಳ್ಳೆಯ ತುಂಡು ಸಿಗುತ್ತದೆ. ಜ್ವರ ಬಂದರೆ ತಂಗಿಯ ಹಣೆಯ ಮೇಲೆ ಅವ್ವನ ಕೈ ಇರುತ್ತಿತ್ತು. ನನಗೆ ಬಂದರೆ "ಕಷಾಯ ಕಾಯಿಸ್ಕೊಂಡು ಕುಡಿ" ಅನ್ನುತ್ತಿದ್ದಳು. ನಾನು ಕಾಯಿಸಿಕೊಂಡು ಕುಡಿದೆ. ಗಟ್ಟಿ ಅಲ್ಲವೇ ನಾನು?

ತಂಗಿಯನ್ನು ಕೊಟ್ಟಿದ್ದು ಹೂಡಿ ಕಡೆ ಅಪಾರ್ಟ್‌ಮೆಂಟ್ ಕಟ್ಟಿಸಿ ಮಾರುತ್ತಿದ್ದವನಿಗೆ. ಅವನು ಹೆಂಡತಿಯನ್ನು ಕಂಪನಿಯ ಡೈರೆಕ್ಟರ್ ಮಾಡಿದ. ಅವನು ಬೆರಳಿಟ್ಟ ಕಡೆ ಇವಳು ಸಹಿ ಹಾಕಿದಳು. ಕಟ್ಟಡಗಳು ಅರ್ಧಕ್ಕೆ ನಿಂತವು. ಬುಕ್ ಮಾಡಿದ್ದವರು ಬೋರ್ಡು ಹಿಡಿದು ಗೇಟಿನ ಮುಂದೆ ಕೂತರು. ಅಷ್ಟರಲ್ಲಿ ಗಂಡಹೆಂಡಿರು ಇಂಗ್ಲೆಂಡಿಗೆ ಹೋಗಿಯಾಗಿತ್ತು. ಅಲ್ಲಿಂದ ಅವನು ಇವಳನ್ನೂ ಬಿಟ್ಟು ಇನ್ನೆಲ್ಲಿಗೋ ಮಾಯವಾದ. ನಮ್ಮ ಸರ್ಕಾರ, ಆ ಹೆಂಗಸನ್ನು ಹಿಡಿದು ಕಳಿಸಿಕೊಡಿ, ಇಲ್ಲಿ ವಿಚಾರಣೆ ಮಾಡಬೇಕು ಎಂದು ಅಲ್ಲಿಗೆ ಬರೆಯಿತು. ಅವರು ಅವಳನ್ನು ಹಿಡಿದು, ಪಾಸ್‌ಪೋರ್ಟ್ ಇಟ್ಟುಕೊಂಡು, ಎಲ್ಲಿದ್ದಾಳೆಂದು ಗೊತ್ತಾಗುವಂಥ ಪಟ್ಟಿಯೊಂದನ್ನು ಕಾಲಿಗೆ ಕಟ್ಟಿ ಜಾಮೀನಿನ ಮೇಲೆ ಬಿಟ್ಟರು.

ಅವಳ ಕಡೆಯ ವಕೀಲರು ಕೋರ್ಟಿನಲ್ಲಿ ಹೇಳಿದ್ದು ಇಷ್ಟು: ಈಕೆಗೆ ತೀವ್ರವಾದ ಖಿನ್ನತೆ ಇದೆ, ಕಳಿಸಿದರೆ ಈಕೆ ಉಳಿಯುವುದಿಲ್ಲ, ತನ್ನ ಜೀವ ತಾನೇ ತೆಗೆದುಕೊಳ್ಳುತ್ತಾಳೆ. ಮಗಳು ಇದನ್ನು ನನಗೆ ಬಿಡಿಸಿ ಹೇಳಿದಳು. ಕಾಯಿಲೆ ಇದೆ ಅಂದರೆ ಸಾಲದಂತೆ. ಆ ಗಳಿಗೆ ಬಂದಾಗ ತಡೆದುಕೊಳ್ಳುವ ಶಕ್ತಿ ಅವಳ ಕೈಯಲ್ಲಿಲ್ಲ ಎಂದು ತೋರಿಸಬೇಕು. ಇಲ್ಲಿನ ಜೈಲಿನವರು ಎಷ್ಟೇ ಕಾವಲಿಟ್ಟರೂ ತಡೆಯಲಾರರು ಎಂದೂ ತೋರಿಸಬೇಕು.

"ನಾಟಕ" ಅಂದೆ ನಾನು.

"ಅಮ್ಮ, ಚಿಕ್ಕಮ್ಮನ್ನ ಎರಡು ಸಲ ಆಸ್ಪತ್ರೆಗೆ ಸೇರ್ಸಿದ್ರಂತೆ" ಅಂದಳು ಮಗಳು.

ಆಮೇಲೆ ತಂಗಿಯ ಜೊತೆ ಫೋನಿನಲ್ಲಿ ಮಾತಾಡಿದೆ. ಒಂದು ಮಾತಿಗೂ ಇನ್ನೊಂದಕ್ಕೂ ನಡುವೆ ಅಷ್ಟು ಹೊತ್ತು ಸುಮ್ಮನಿರುತ್ತಿದ್ದಳು, ಲೈನ್ ಕಟ್ಟಾಯಿತೇನೋ ಎಂದು ನಾನು ಹಲೋ ಹಲೋ ಅನ್ನುತ್ತಿದ್ದೆ. ಊಟ ಆಯಿತಾ ಅಂದರೆ ಅದಕ್ಕೂ ಯೋಚಿಸಿ ಉತ್ತರ ಹೇಳುತ್ತಿದ್ದಳು. ನಾಟಕ ಆಡುವವರು ಇಷ್ಟು ಕೆಟ್ಟದಾಗಿ ಆಡುವುದಿಲ್ಲ. ನಂಬಿದೆ. ನಂಬಿದ ಮೇಲೆ ಮರುಕ ಬರಬೇಕು, ಬಂತು. ಆದರೆ ಅದಕ್ಕೆ ಮೊದಲು ಹೊಟ್ಟೆ ಉರಿಯಿತು. ಒಂದು ದೇಶದ ಕೋರ್ಟು, ಎರಡು ಕಡೆಯ ಡಾಕ್ಟರುಗಳು, ಕೋಟು ತೊಟ್ಟ ವಕೀಲರು ಎಲ್ಲರೂ ಕೂತು ನನ್ನ ತಂಗಿ ಬದುಕುತ್ತಾಳೋ ಇಲ್ಲವೋ ಎಂದು ಚರ್ಚೆ ಮಾಡುತ್ತಿದ್ದಾರೆ. ಅದೇ ಪ್ರಶ್ನೆ ಒಂದು ಕಾಲಕ್ಕೆ ನನ್ನ ವಿಷಯದಲ್ಲೂ ಇತ್ತು. ಅದನ್ನು ಕೇಳಿಕೊಳ್ಳಲು ನನ್ನನ್ನು ಬಿಟ್ಟರೆ ಬೇರೆ ಒಂದು ನರಪಿಳ್ಳೆಯೂ ಇರಲಿಲ್ಲ.

ಮಗಳು ಹುಟ್ಟಿದಾಗಿನ ಮಾತು. ಬಾಣಂತನಕ್ಕೆ ಅವ್ವನ ಮನೆಗೆ ಬಂದಿದ್ದೆ. ಮಗು ಅತ್ತರೆ ನನಗೆ ಏನೂ ಅನ್ನಿಸುತ್ತಿರಲಿಲ್ಲ. ಹಾಲು ಕುಡಿಸುತ್ತಿದ್ದೆ, ಬಟ್ಟೆ ಬದಲಿಸುತ್ತಿದ್ದೆ, ಗೋಡೆ ನೋಡುತ್ತಿದ್ದೆ. ನಾನು ಇಲ್ಲದಿದ್ದರೆ ಎಲ್ಲರಿಗೂ ಹಗುರವಾಗುತ್ತದೆ ಎಂಬ ಯೋಚನೆ ಬೆಳಿಗ್ಗೆ ನನಗಿಂತ ಮೊದಲೇ ಎದ್ದು ಕೂತಿರುತ್ತಿತ್ತು. ಅವ್ವ "ಗಾಳಿ ಸೋಕೈತೆ" ಅಂದು ಬೇವಿನ ಸೊಪ್ಪು ನಿವಾಳಿಸಿದಳು, ತೋಳಿಗೆ ತಾಯತ ಕಟ್ಟಿಸಿದಳು. ಮುಗಿಯಿತು ಚಿಕಿತ್ಸೆ. ಅದಕ್ಕೆ ಕೆಲವು ವರ್ಷ ಮೊದಲು, ಕಾಲೇಜಿನಲ್ಲಿದ್ದ ತಂಗಿ ತನ್ನ ಪ್ರಾಣ ಕಳೆದುಕೊಳ್ಳಲು ಹೋದಾಗ ಇದೇ ಅವ್ವ ನರ್ಸಿಂಗ್ ಹೋಮಿನಲ್ಲಿ ಅವಳ ಮಂಚ ಬಿಟ್ಟು ಕದಲಿರಲಿಲ್ಲ. ಮೊದಲು ಅವಳನ್ನು ಕಂಡವಳು ನಾನು, ಆಟೋ ಕರೆದವಳು ನಾನು. ನನ್ನನ್ನು ಮನೆಗೆ ಕಳಿಸಿ, ಅಪ್ಪನಿಗೆ ಅಡುಗೆ ಮಾಡು ಅಂದರು.

ಆ ನರ್ಸಿಂಗ್ ಹೋಮಿನ ವಿಷಯ ಈಗ ದೊಡ್ಡದಾಯಿತು. ಆ ಕಾಲದಲ್ಲಿ ಅಂಥದ್ದು ನಡೆದರೆ ಪೊಲೀಸ್ ಕೇಸು ಆಗುತ್ತಿತ್ತು. ಮದುವೆಯಾಗಬೇಕಾದ ಹುಡುಗಿ. ಅಪ್ಪ ಗುರುತಿನ ಡಾಕ್ಟರ ಕೈಕಾಲು ಹಿಡಿದು ಬರೀ ಹೊಟ್ಟೆನೋವು ಎಂದು ಬರೆಸಿದ್ದ. ಎಷ್ಟು ಚೆನ್ನಾಗಿ ಮುಚ್ಚಿದರೆಂದರೆ, ಈಗ ಅವಳ ವಕೀಲರು ಹಳೆಯ ಸಾಕ್ಷ್ಯ ಹುಡುಕಿದರೆ ಎಲ್ಲೂ ಏನೂ ಇಲ್ಲ. ಇಷ್ಟು ವರ್ಷ ಆರೋಗ್ಯವಾಗಿದ್ದವಳಿಗೆ ಕೇಸು ಬಂದ ಕೂಡಲೇ ಕಾಯಿಲೆ ಬಂತೇ ಎಂದು ಸರ್ಕಾರದ ಕಡೆಯವರು ಕೇಳಿದರು. ನ್ಯಾಯವಾದ ಪ್ರಶ್ನೆಯೇ. ಹಾಗಾಗಿ ಅವಳನ್ನು ಪರೀಕ್ಷೆ ಮಾಡುತ್ತಿದ್ದ ಮನೋವೈದ್ಯರು ಮನೆಯವರ ಜೊತೆ ಮಾತಾಡಬೇಕೆಂದರು.

ಅದು ನಡೆದದ್ದು ಒಂದು ಭಾನುವಾರ, ವಿಡಿಯೋ ಕಾಲಿನಲ್ಲಿ. ಹಿಂದಿನ ಭಾನುವಾರವಷ್ಟೇ ಸಿಂಗಸಂದ್ರದಿಂದ ಒಂದು ಕುಟುಂಬ ನನ್ನ ಮಗಳನ್ನು ನೋಡಲು ಅದೇ ಹಾಲಿಗೆ ಬಂದು ಹೋಗಿತ್ತು. ಅವ್ವ ಈ ಭಾನುವಾರವೂ ಅದೇ ರೇಷ್ಮೆ ಸೀರೆ ಉಟ್ಟಳು. ಕುರ್ಚಿಗೆ ಹೊಸ ಟವೆಲು ಹಾಸಿದಳು. ಮಗಳು ಫೋನನ್ನು ಸ್ಟೀಲ್ ಡಬ್ಬಕ್ಕೆ ಒರಗಿಸಿ ನಿಲ್ಲಿಸಿದಳು. ಪರದೆಯಲ್ಲಿ ಬಿಳಿಯ ತಲೆಯ ಡಾಕ್ಟರು, ಪಕ್ಕದ ಚೌಕದಲ್ಲಿ ಕನ್ನಡಕ್ಕೆ ಮಾಡಿ ಹೇಳುವ ಒಬ್ಬ ಹೆಂಗಸು. ಆಕೆಯದು ಪಠ್ಯಪುಸ್ತಕದ ಕನ್ನಡ.

"ಅಮ್ಮನವರೇ, ತಮ್ಮ ವಂಶದಲ್ಲಿ ಯಾರಿಗಾದರೂ ಮಾನಸಿಕ ಅಸ್ವಸ್ಥತೆ ಇತ್ತೇ?"

ಅವ್ವ ಸೆರಗು ಸರಿಮಾಡಿಕೊಂಡಳು. "ಅಯ್ಯೋ, ನಮ್ ವಂಸದಾಗೆ ಅಂತಾದ್ದೇನೂ ಇಲ್ಲ ಕಣ್ರವ್ವ. ಏಳು ತಲೆಮಾರು ಹುಡುಕಿದ್ರೂ ಒಬ್ರಿಗೂ ಇಲ್ಲ."

"ತಮ್ಮ ಕಿರಿಯ ಮಗಳ ಸ್ವಭಾವ ಹೇಗಿತ್ತು?"

"ಚಿನ್ನದಂತಾ ಮಗ. ಬಲೇ ಲವಲವಿಕೆ. ಕಸೂತಿ ಆಕ್ತಾಳೆ, ಅಡಿಗೆ ಮಾಡ್ತಾಳೆ, ಎಲ್ರಿಗೂ ಒಂದ್ಕೋತಾಳೆ."

ಹೋದ ಭಾನುವಾರ ಮೊಮ್ಮಗಳ ಬಗ್ಗೆ ಹೇಳಿದ್ದನ್ನೇ ಅಕ್ಷರ ತಪ್ಪದೆ ಮಗಳ ಬಗ್ಗೆ ಹೇಳುತ್ತಿದ್ದಳು. ನನಗೆ ನಗುವೂ ಬಂತು, ಹೆದರಿಕೆಯೂ ಆಯಿತು. ನಮ್ಮಂಥವರ ಮನೆಯ ಹೆಂಗಸಿಗೆ ಆ ಪ್ರಶ್ನೆಯನ್ನು ಜೀವಮಾನದಲ್ಲಿ ಕೇಳುವವರು ಒಬ್ಬರೇ, ಗಂಡಿನ ಕಡೆಯವರು. ಅದಕ್ಕೆ ಉತ್ತರವೂ ಒಂದೇ. ಹಾಗೆ ಹೇಳುವುದು ಸುಳ್ಳೆಂದು ಅವ್ವನಿಗೆ ಅನ್ನಿಸಿರಲಿಕ್ಕಿಲ್ಲ. ಬಂದವರ ಮುಂದೆ ಮನೆ ಗುಡಿಸಿಡುವ ಹಾಗೆ, ಅದೊಂದು ಮರ್ಯಾದೆ.

ಡಾಕ್ಟರು ಏನೋ ಬರೆದುಕೊಂಡರು. ಮಗಳು ನನ್ನ ಮೊಣಕೈ ತಿವಿದಳು. "ಅಮ್ಮ, ನೀನ್ ಹೇಳು. ಅಜ್ಜಿ ಚಿಕ್ಕಮ್ಮನ್ನ ಕೊಂದ್ಹಾಕ್ತಾರೆ."

"ಸಿಂಗಸಂದ್ರದೋರಿಗೆ ಗೊತ್ತಾದ್ರೆ?" ಅಂದೆ ಮೆಲ್ಲಗೆ.

"ಅದಕ್ಕೆ ಬಿಟ್ಟೋಗೋರು ಹೋಗ್ಲಿ."

ಫೋನ್ ನನ್ನ ಕಡೆ ತಿರುಗಿಸಿಕೊಂಡೆ. ತಂಗಿ ಕಾಲೇಜಿನಲ್ಲಿದ್ದಾಗ ನಡೆದದ್ದನ್ನು, ನಾನು ಕಂಡದ್ದನ್ನು, ಅಪ್ಪ ಮುಚ್ಚಿಸಿದ್ದನ್ನು ಹೇಳಿದೆ. ಅವ್ವ ಪಕ್ಕದಲ್ಲಿ ತುಟಿ ಕಚ್ಚಿಕೊಂಡು ಕೂತಿದ್ದಳು. ಡಾಕ್ಟರು ಕತ್ತು ಮುಂದೆ ಮಾಡಿ ಕೇಳುತ್ತಿದ್ದರು. ಮನೆಯಲ್ಲಿ ಬೇರೆ ಯಾರಿಗಾದರೂ ಹೀಗಾಗಿತ್ತೇ ಎಂದು ಕೇಳಿದರು. ಇಷ್ಟು ವರ್ಷ ಆ ಪ್ರಶ್ನೆಗೆ ಕಾದಿದ್ದವಳು ನಾನು. ಕೊನೆಗೆ ಬಂತು ನೋಡಿ, ಅದೂ ಅವಳ ಕೇಸಿಗಾಗಿ ಬಂತು. ಆ ಸಿಟ್ಟಿನಲ್ಲೇ ಬಾಯಿ ತೆರೆದೆ.

"ನಂಗೂ ಆಗಿತ್ತು ಸಾರ್. ಬಾಣಂತೀಲಿ. ಅವ್ಳಿಗಾದ್ರೆ ನರ್ಸಿಂಗ್ ಹೋಮು, ನಂಗೆ ತಾಯತ. ಒಂದ್ ಮಾತ್ರೆ ನುಂಗ್ಲಿಲ್ಲ, ಒಬ್ಬ ಡಾಕ್ಟ್ರ ಮುಖ ನೋಡ್ಲಿಲ್ಲ. ಆದ್ರೂ ಬದುಕಿಲ್ವಾ ನಾನು? ಕೆಲಸ ಮಾಡ್ದೆ, ಮಗಳನ್ನ ಸಾಕ್ದೆ. ಗಟ್ಟಿ ಇದ್ರೆ ಎಲ್ಲಾ ಆಗುತ್ತೆ."

ಎಂಥ ಸುಖವಾಯಿತು ಅದನ್ನು ಹೇಳುವಾಗ! ದುಭಾಷಿ ಹೆಂಗಸು ಒಂದೊಂದೇ ವಾಕ್ಯವನ್ನು ಇಂಗ್ಲಿಷಿಗೆ ಮಾಡಿ ಹೇಳುತ್ತಿದ್ದರೆ ಹಾರ ಹಾಕಿಸಿಕೊಂಡ ಹಾಗಿತ್ತು. ಕಾಲ್ ಮುಗಿದ ಮೇಲೆ ಅವ್ವ "ನಿಂದು ಬಾಣಂತಿ ಸನ್ನಿ. ಅದೇನ್ ದೊಡ್ದಾಗಿ ಯೋಳ್ತೀಯ" ಅಂದು ಒಳಗೆ ಹೋಗಿ ಸೀರೆ ಬದಲಿಸಿದಳು. ಆ ಮಾತಿಗೂ ನನ್ನ ಸುಖ ಇಳಿಯಲಿಲ್ಲ.

ಆ ದಿನಗಳಲ್ಲಿ ನನ್ನ ವಿಭಾಗದಲ್ಲೇ ಕೆಲಸ ಮಾಡುವ ಒಬ್ಬರು ಕ್ಯಾಂಟೀನಿನಲ್ಲಿ ಎದುರು ಬಂದು ಕೂತರು. ತಂಗಿಯ ಗಂಡನ ಕಟ್ಟಡದಲ್ಲಿ ಅವರೂ ಒಂದು ಮನೆ ಬುಕ್ ಮಾಡಿದ್ದರು. ನನ್ನ ಮಾತಿನ ಮೇಲೆ ನಂಬಿಕೆಯಿಟ್ಟು ಮಾಡಿದ್ದಲ್ಲ, ಆದರೂ ಅವರ ಮುಖ ನೋಡಲು ನನಗೆ ಕಷ್ಟ.

"ಮೇಡಂ, ನಿಮ್ ತಂಗೀಗೆ ಮನಸ್ಸಿಗೆ ಹುಷಾರಿಲ್ವಂತೆ, ಪೇಪರಲ್ಲಿ ಓದ್ದೆ" ಅಂದರು. "ನಮ್ಮನೆಯವ್ಳಿಗೂ ನಿದ್ದೆ ಇಲ್ಲ ಮೇಡಂ. ಮಾತೇ ಬಿಟ್ಬಿಟ್ಟಿದಾಳೆ. ಅವ್ಳನ್ನ ವಿಚಾರಿಸೋಕೆ ಯಾವ್ ಕೋರ್ಟು?"

ನನ್ನ ಹೊಟ್ಟೆಯೊಳಗಿನ ಮಾತನ್ನು ಅವರು ತಟ್ಟೆಯಲ್ಲಿಟ್ಟು ನನಗೇ ಬಡಿಸಿದ್ದರು. ಅವರ ಬಾಯಲ್ಲಿ ಕೇಳಿದಾಗ ಅದು ನ್ಯಾಯವಾಗಿ ಕೇಳಿಸಿತು. ನಮ್ಮ ಜೈಲುಗಳಲ್ಲಿ ಇರುವವರೆಲ್ಲರ ಮನಸ್ಸೂ ಮನಸ್ಸೇ, ಅವರನ್ನು ಯಾರು ಕೇಳಿದರು? ಸಹಿ ಹಾಕಿದವಳು ಬಂದು ವಿಚಾರಣೆಗೆ ನಿಲ್ಲಲಿ ಅನ್ನಿಸಿತು. ಸಂಜೆ ಬಸ್ಸಿನಲ್ಲಿ ಮನೆಗೆ ಬರುವಾಗಲೂ ಹಾಗೇ ಅನ್ನಿಸುತ್ತಿತ್ತು.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಕೆಲವು ವಾರಗಳ ಮೇಲೆ ತಂಗಿಯ ಕಡೆಯ ವಕೀಲೆ ಮಗಳಿಗೆ ಫೋನ್ ಮಾಡಿದರು. ಡಾಕ್ಟರು ಪ್ರಾಮಾಣಿಕರು, ನಾನು ಹೇಳಿದ್ದನ್ನೆಲ್ಲ ತಮ್ಮ ವರದಿಯಲ್ಲಿ ಹಾಗೆಯೇ ಬರೆದಿದ್ದರು. ಸರ್ಕಾರದ ಕಡೆಯವರು ಅದನ್ನೇ ಹಿಡಿದುಕೊಂಡರು. ಇದೇ ಮನೆಯಲ್ಲಿ, ಇದೇ ತಾಯಿಯ ಹೊಟ್ಟೆಯಲ್ಲಿ ಹುಟ್ಟಿದ ಅಕ್ಕನಿಗೂ ಇದೇ ಕಾಯಿಲೆ ಬಂದಿತ್ತು. ಇಂಡಿಯಾದಲ್ಲೇ, ಯಾವ ಚಿಕಿತ್ಸೆಯೂ ಇಲ್ಲದೆ ಬದುಕಿದ್ದಾಳೆ, ನೌಕರಿ ಮಾಡಿಕೊಂಡಿದ್ದಾಳೆ. ಈಕೆಗಾದರೋ ಜೈಲಿನಲ್ಲಿ ಡಾಕ್ಟರು, ಔಷಧಿ, ಕಾವಲು ಎಲ್ಲ ಕೊಡುವುದಾಗಿ ಸರ್ಕಾರ ಮಾತು ಕೊಟ್ಟಿದೆ. ಅಕ್ಕನೂ ಬದುಕಿದ್ದಾಳಲ್ಲ, ಇವಳೇಕೆ ಬದುಕಲಾರಳು?

ಇದನ್ನು ಕೇಳಿ ಮಗಳು ನನ್ನನ್ನು ಬೈಯಲಿಲ್ಲ. ಬೈದಿದ್ದರೆ ವಾದ ಮಾಡುತ್ತಿದ್ದೆ.

ತಂಗಿಯೇ ಫೋನ್ ಮಾಡಿದಳು. ಅವಳ ಕಡೆ ಇನ್ನೂ ಬೆಳಗು. ಸಿಟ್ಟು ಮಾಡುತ್ತಾಳೆಂದು ಸಜ್ಜಾಗಿ ಕೂತೆ.

"ಅಕ್ಕ, ನೀನ್ ಹೇಳಿದ್ದು ಓದ್ಸಿದ್ರು" ಅಂದಳು. ಬಹಳ ಹೊತ್ತು ಬಿಟ್ಟು, "ನಿಂಗೂ ಆಗಿತ್ತಾ? ನಂಗೆ ಗೊತ್ತೇ ಇರ್ಲಿಲ್ಲ."

"ಆಗಿತ್ತು."

"ಒಬ್ಳೇ ತಡ್ಕೊಂಡ್ಯಲ್ಲ ಅಕ್ಕ. ನಂಗ್ಯಾಕೆ ಅದ್ ಬರಲ್ಲ? ಇಷ್ಟೆಲ್ಲಾ ಮಾತ್ರೆ ಕೊಟ್ರೂ ಬರಲ್ಲ. ನಿನ್ ಕಂಡ್ರೆ ಹೊಟ್ಟೆಕಿಚ್ಚಾಗುತ್ತೆ. ನೀನ್ ಗಟ್ಟಿ. ನಾನು ದಂಡಪಿಂಡ, ಯಾಕಾದ್ರೂ ಇದೀನೋ."

ಚಿಕ್ಕಂದಿನಿಂದ ಬಯಸಿದ್ದು ಅದೊಂದನ್ನೇ, ಅವಳು ನನ್ನನ್ನು ಕಂಡು ಕರುಬಬೇಕು. ಸಿಕ್ಕಿತು. ಆದರೆ "ಯಾಕಾದ್ರೂ ಇದೀನೋ" ಎಂಬ ಮಾತು ನನಗೆ ಗುರುತಿನದು, ಅದರ ಜೊತೆ ನಾನು ಒಂದು ಬಾಣಂತನ ಕಳೆದಿದ್ದೇನೆ. ಅವಳ ವಕೀಲರು, ಡಾಕ್ಟರುಗಳು ಬರೆದದ್ದೆಲ್ಲ ಅಕ್ಷರಶಃ ನಿಜ, ಇವಳು ಹೋಗುತ್ತಾಳೆ, ನಾನು ಗಟ್ಟಿ ಎಂಬ ಮಾತನ್ನೇ ಕಟ್ಟಿಕೊಂಡು ಹೋಗುತ್ತಾಳೆ ಎಂದು ಆಗ ನನಗೆ ಖಾತ್ರಿಯಾಯಿತು. ಹೆದರಿದೆ. ವಕೀಲೆ ಮತ್ತೆ ಫೋನ್ ಮಾಡಿ, ನ್ಯಾಯಾಧೀಶರ ಮುಂದೆ ನೀವೇ ವಿಡಿಯೋದಲ್ಲಿ ಸಾಕ್ಷಿ ಹೇಳಲು ಒಪ್ಪುತ್ತೀರಾ ಅಂದಾಗ ಒಪ್ಪಿದೆ.

ಒಪ್ಪಿದ ಮೇಲೆ ನಿದ್ದೆ ಹೋಯಿತು. ಏನು ಹೇಳಬೇಕೆಂಬುದು ಗೊತ್ತಿತ್ತು, ಕಷ್ಟ ಅದಲ್ಲ. ಅವಳಿಗೆ ಜಡೆ ಇತ್ತು, ಬಣ್ಣ ಇತ್ತು, ಅವ್ವ ಇದ್ದಳು. ನನ್ನ ಹತ್ತಿರ ಇದ್ದದ್ದು ಒಂದೇ, ನಾನು ಯಾರ ಹಂಗೂ ಇಲ್ಲದೆ ಬದುಕಿದವಳು ಎಂಬ ಹೆಮ್ಮೆ. ಅದನ್ನೂ ಅವಳಿಗಾಗಿ ಬಿಚ್ಚಿ ಕೊಡಬೇಕಿತ್ತು. ಎಲ್ಲ ಬಿಟ್ಟುಕೊಟ್ಟ ಮೇಲೆ ಇದೂ ಅವಳಿಗೇ ಬೇಕಿತ್ತೇ ಎಂದು ಎಷ್ಟು ಸಲ ಮನಸ್ಸಿನಲ್ಲಿ ಜಗಳ ಆಡಿದೆನೋ.

ಅನುಮತಿಗಳೆಲ್ಲ ಸಿಕ್ಕಿ ದಿನ ಗೊತ್ತಾಗುವಷ್ಟರಲ್ಲಿ ಬೇಸಿಗೆ ಬಂದಿತ್ತು. ಇಲ್ಲಿಯ ವಕೀಲರೊಬ್ಬರ ಕಚೇರಿಯಲ್ಲಿ, ಮಧ್ಯಾಹ್ನ ಊಟವಾದ ಮೇಲೆ, ನನ್ನನ್ನು ಒಂಟಿಯಾಗಿ ಪರದೆಯ ಮುಂದೆ ಕೂರಿಸಿದರು. ಅವ್ವ, ಮಗಳು ಹೊರಗೆ ಬೆಂಚಿನ ಮೇಲೆ. ಪರದೆಯಲ್ಲಿ ಕೋರ್ಟು ಸಣ್ಣದಾಗಿ, ಶಾಲೆಯ ಕೊಠಡಿಯಂತೆ ಕಾಣುತ್ತಿತ್ತು. ಒಂದು ಮೂಲೆಯಲ್ಲಿ ಗಾಜಿನ ಹಿಂದೆ ತಂಗಿ. ತಲೆ ತಗ್ಗಿಸಿದ್ದಳು, ಬೈತಲೆ ಬೆಳ್ಳಗಾಗಿತ್ತು. ಅವಳ ಜಡೆ ಎಲ್ಲಿ ಹೋಯಿತೋ.

ಸರ್ಕಾರದ ಕಡೆಯ ವಕೀಲರು ಬಹಳ ಮೆದುವಾಗಿ ಮಾತಾಡುವವರು. ಅದೇ ಪುಸ್ತಕದ ಕನ್ನಡದ ಹೆಂಗಸು ಅವರ ಮಾತನ್ನು ನನಗೆ ದಾಟಿಸುತ್ತಿದ್ದರು.

"ತಮಗೂ ಇದೇ ಬಗೆಯ ಕಾಯಿಲೆ ಬಂದಿತ್ತು. ಚಿಕಿತ್ಸೆ ಪಡೆಯದೆ ಗುಣವಾಯಿತು. ಅಲ್ಲವೇ?"

"ಗುಣ ಆಯ್ತು ಅಂತ ನಾನೆಲ್ಲೂ ಹೇಳಿಲ್ಲ ಸಾರ್. ಬದುಕಿದೀನಿ ಅಂದೆ."

"ಪ್ರಾಣ ಕಳೆದುಕೊಳ್ಳಬೇಕೆಂಬ ಯೋಚನೆ ತಮಗೆ ಬಂದಿತ್ತು. ಆದರೆ ತಾವು ಮನಸ್ಸು ಬದಲಾಯಿಸಿದಿರಿ."

"ಬದಲಾಯ್ಸಿದ್ದು ನಾನಲ್ಲ."

"ಮತ್ತೆ ಯಾರು?"

ಆ ಮಾತನ್ನು ನಾನು ಗಂಡನಿಗೂ ಹೇಳಿರಲಿಲ್ಲ. "ಸೊಪ್ಪಿನೋಳು" ಅಂದೆ.

ದುಭಾಷಿ ತಡವರಿಸಿದರು. ಪರದೆಯೊಳಗೆ ಏನೋ ಗುಸುಗುಸು ನಡೆಯಿತು. ನ್ಯಾಯಾಧೀಶರು, ಆಕೆ ದಾದಿಯೇ, ಆರೋಗ್ಯ ಇಲಾಖೆಯವರೇ ಎಂದು ಕೇಳಿಸಿದರು.

"ಅಲ್ಲ ಸ್ವಾಮಿ. ದಂಟಿನ ಸೊಪ್ಪು, ಕೀರೆ ಸೊಪ್ಪು ಮಾರೋಳು. ಬುಟ್ಟಿ ಹೊತ್ಕೊಂಡ್ ಬರೋಳು. ಆವತ್ತು ಮಧ್ಯಾಹ್ನ ಮನೇಲಿ ಯಾರೂ ಇರ್ಲಿಲ್ಲ. ಮಗು ಮಲ್ಗಿಸಿ, ಬಾಗ್ಲು ಎಳ್ಕೊಂಡು ಹೊರಟಿದ್ದೆ. ವಾಪಸ್ ಬರಬಾರ್ದು ಅಂತ್ಲೇ ಹೊರಟಿದ್ದೆ. ಮೆಟ್ಲ ಹತ್ರ ಅವ್ಳು ಬಂದು, ಅಕ್ಕ, ಬುಟ್ಟಿ ಒಂಚೂರು ಇಳ್ಸಿ, ಬಾಯಾರಿಕೆ, ನೀರ್ ಕೊಡಿ ಅಂದ್ಲು. ಇಳ್ಸಿದೆ. ನೀರ್ ತರೋಕೆ ಒಳಗ್ ಹೋದೆ. ಅವ್ಳು ಕೂತ್ಕೊಂಡು ಅವ್ಳ ಸೊಸೆ ಮೇಲೆ ದೂರ್ ಹೇಳೋಕ್ ಶುರು ಮಾಡಿದ್ಲು. ಮಗು ಎದ್ಬಿಡ್ತು. ಅಷ್ಟೇ."

"ಅಂದರೆ, ನೀರು ತರಲು ಒಳಗೆ ಹೋಗುವಷ್ಟು ಹಿಡಿತ ತಮ್ಮ ಮನಸ್ಸಿನ ಮೇಲೆ ಇತ್ತು."

"ಹಿಡಿತ ಇರ್ಲಿಲ್ಲ ಸಾರ್. ಬಾಯಾರಿಕೆ ಅಂದೋರಿಗೆ ನೀರ್ ಕೊಡೋದು ಕೈಗೆ ಅಭ್ಯಾಸ. ಅವ್ಳು ಮುಂದಿನ್ ಮನೇಲಿ ಕೇಳಿದ್ರೆ ನಾನ್ ಇವತ್ ಇಲ್ಲಿರ್ತಿರ್ಲಿಲ್ಲ. ನಾನ್ ಗಟ್ಟಿ ಅಂದಿದ್ದು ಸುಳ್ಳು. ನಂಗೂ ನನ್ ತಂಗೀಗೂ ವ್ಯತ್ಯಾಸ ಇಲ್ಲ."

ವಕೀಲರು ಕಾಗದ ತಿರುವಿದರು. ಜೈಲಿನಲ್ಲಿ ಡಾಕ್ಟರಿರುತ್ತಾರೆ, ಕಾವಲಿರುತ್ತದೆ, ಸರ್ಕಾರ ಭರವಸೆ ಕೊಟ್ಟಿದೆ ಎಂದರು.

"ಇರ್ತಾರೆ. ಇಲ್ಲ ಅನ್ನಲ್ಲ. ಆದ್ರೆ ಆ ಗಳಿಗೆಗೆ ಬರ್ಬೇಕು ಸಾರ್. ಬೆಳಿಗ್ಗೆ ಬಂದು ಮಾತ್ರೆ ಕೊಟ್ಟು ಹೋದ್ರೆ ಆಗಲ್ಲ. ಅದು ಯಾವ್ ಗಳಿಗೆ ಅಂತ ನಂಗೇ ಗೊತ್ತಿರ್ಲಿಲ್ಲ, ಅವ್ರಿಗೆ ಹೆಂಗ್ ಗೊತ್ತಾಗುತ್ತೆ?"

ಗಾಜಿನ ಹಿಂದೆ ತಂಗಿ ತಲೆ ಎತ್ತಿ ಪರದೆಯನ್ನು ನೋಡುತ್ತಿದ್ದಳು. ಅಷ್ಟು ದೂರದಿಂದ ಅವಳ ಕಣ್ಣು ನನಗೆ ಕಾಣಲಿಲ್ಲ. ನನ್ನನ್ನು ಕಂಡು ಕರುಬಲು ಅವಳಿಗೆ ಇನ್ನೇನೂ ಉಳಿದಿಲ್ಲ ಎಂಬುದು ಮಾತ್ರ ಗೊತ್ತಾಯಿತು. ನಿಜ ಹೇಳುತ್ತೇನೆ, ಆ ಹೊತ್ತಿನಲ್ಲೂ ನನಗೆ ಅದು ನಷ್ಟವೆಂದೇ ಅನ್ನಿಸಿತು.

ತೀರ್ಪು ಬರಲು ತಿಂಗಳುಗಳಾದವು. ಕಳಿಸುವುದು ಬೇಡ ಎಂದರು ನ್ಯಾಯಾಧೀಶರು, ಈ ಮನಃಸ್ಥಿತಿಯಲ್ಲಿ ಕಳಿಸುವುದು ಕ್ರೌರ್ಯವಾಗುತ್ತದೆ ಎಂದರು. ಮಗಳು ಪೂರ್ತಿ ಓದಿ, ಡಾಕ್ಟರುಗಳ ಮಾತಿಗೇ ಹೆಚ್ಚು ತೂಕ ಕೊಟ್ಟಿದ್ದಾರೆ, ನಿನ್ನದು ಒಂದೆರಡು ಸಾಲಿನಲ್ಲಿದೆ ಅಂದಳು. ಡಾಕ್ಟರುಗಳ ಮೇಲೂ ಸ್ವಲ್ಪ ಹೊಟ್ಟೆಕಿಚ್ಚಾಯಿತು. ಸರ್ಕಾರದ ಕಡೆಯವರು ಮೇಲಿನ ಕೋರ್ಟಿಗೂ ಹೋದರು, ಅಲ್ಲೂ ಅದೇ ತೀರ್ಪು ನಿಂತಿತು. ಕಾಲಿನ ಪಟ್ಟಿ ತೆಗೆದರು. ತಂಗಿ ಇನ್ನೂ ಮಾತ್ರೆ ನುಂಗುತ್ತಾಳೆ, ಮಾತಿನ ನಡುವೆ ಸುಮ್ಮನಾಗುವುದು ಮೊದಲಿಗಿಂತ ಕಡಿಮೆ. ಕ್ಯಾಂಟೀನಿನಲ್ಲಿ ಸಿಗುವ ಸಹೋದ್ಯೋಗಿ ಬಹಳ ದಿನ ಮಾತಾಡಿಸಲಿಲ್ಲ. ಆಮೇಲೊಂದು ದಿನ "ಬದುಕ್ಲಿ ಬಿಡಿ ಮೇಡಂ. ನಮ್ಮನೆಯವ್ಳನ್ನ ಡಾಕ್ಟ್ರಿಗೆ ತೋರಿಸ್ತಿದೀನಿ" ಅಂದರು. ಕಟ್ಟಡ ಇವತ್ತಿಗೂ ಅರ್ಧದಲ್ಲೇ ನಿಂತಿದೆ. ಸಿಂಗಸಂದ್ರದವರು ಈವರೆಗೆ ಏನೂ ಹೇಳಿಲ್ಲ, ನಾವೂ ಕೇಳಿಲ್ಲ.

ಮೇಲಿನ ಕೋರ್ಟಿನ ಸುದ್ದಿ ಬಂದ ದಿನ ನಾನು ಕೆಲಸದಿಂದ ಬಂದಾಗ ಅವ್ವ ಅಟ್ಟದ ಮೇಲಿದ್ದ ಹಾಸಿಗೆಯನ್ನು ಬಿಸಿಲಿಗೆ ಹಾಕಿ ತಂದು ಒಳಗಿನ ಕೋಣೆಯಲ್ಲಿ ಹಾಸುತ್ತಿದ್ದಳು.

"ಯಾರ್ ಬರ್ತಾರವ್ವ?" ಅಂದೆ.

"ಇದೇನಿಂಗ್ ಕೇಳ್ತೀಯ? ಕೇಸು ಗೆದ್ದವಳೆ. ಬತ್ತಾಳೆ ತಾನೆ?"

ಅವಳಿಗೆ ಇಷ್ಟು ದಿನ ಹಾಗೆಂದೇ ತಿಳಿದಿತ್ತು. ಗೆದ್ದವರು ಮನೆಗೆ ಬರುತ್ತಾರೆ. ನಾವು ಯಾರೂ ಬಿಡಿಸಿ ಹೇಳಿರಲಿಲ್ಲ.

"ಅವ್ಳು ಗೆದ್ದಿರೋದು ಇಲ್ಲಿಗೆ ಬರ್ದೆ ಇರೋಕವ್ವ. ಬಂದ್ರೆ ಏರ್‌ಪೋರ್ಟಲ್ಲೇ ಹಿಡೀತಾರೆ."

"ಯಾವತ್ತೂ?"

"ಯಾವತ್ತೂ."

ಅವ್ವ ಹಾಸಿಗೆಯ ಅಂಚಿನ ಮೇಲೆ ಕೂತಳು. ಅಳಲಿಲ್ಲ. ಬುದ್ಧಿ ತಿಳಿದಾಗಿನಿಂದ ಅವ್ವ ನನ್ನೊಬ್ಬಳಿಗೇ ಬೇಕೆಂದು ಆಸೆಪಟ್ಟವಳು ನಾನು. ಈಗ ಪೂರ್ತಿಯಾಗಿ ನನ್ನವಳಾದಳು. ಕಾಫಿ ಮಾಡಲೇ ಎಂದು ಕೇಳಿದೆ, ಬೇಡ ಅಂದಳು.

ಸ್ವಲ್ಪ ಹೊತ್ತಿನ ಮೇಲೆ, "ನಿಂದೂ ಅಂಗೇ ಇತ್ತು ಅಂತ ನಂಗೊತ್ತಿತ್ತು ಕಣೆ" ಅಂದಳು. "ಆವಾಗ್ಲೇ ಗೊತ್ತಿತ್ತು."

ನನಗೆ ಮೈಯೆಲ್ಲ ಉರಿದುಹೋಯಿತು. "ಗೊತ್ತಿದ್ದೂ ತಾಯತ ಕಟ್ಟಿದ್ಯಾ? ಅವ್ಳಿಗೊಂದು, ನಂಗೊಂದಾ?"

"ಒಬ್ಳಿಗಾದ್ರೆ ಅದು ಅವ್ಳ ಅಣೆಬರ. ಇಬ್ರಿಗೂ ಐತೆ ಅಂದ್ರೆ ತಾಯೀದು ಅಂತಾರೆ."

ಅವಳು ಹಾಸಿಗೆಯ ನೂಲು ಕೀಳುತ್ತಾ ಕೂತಿದ್ದಳು.

"ಅವ್ವ," ಅಂದೆ, "ನಿಂಗೂ ಇತ್ತಾ?"

ಅವ್ವ ನನ್ನ ಮುಖ ನೋಡಿದಳು. "ಇಷ್ಟ್ ವರ್ಸಕ್ಕೆ ಇವತ್ ಕೇಳ್ತಿದೀಯ" ಅಂದಳು.

ನಾನು ಬ್ಯಾಗು ಕೆಳಗಿಟ್ಟು ಅವಳ ಪಕ್ಕ ಕೂತೆ. ಅವಳು ಹೇಳತೊಡಗಿದಳು, ನಾನು ಹುಟ್ಟಿದ ವರ್ಷದಿಂದ.